ಮುಚ್ಚಳದ ಮೇಲಿಟ್ಟ ಪಾಲು

ಮಗಳು ಓದಲೆಂದು ಫ್ರಾನ್ಸಿನ ಲಿಯಾನ್‌ಗೆ ಹೋಗಿ ಇನ್ನೂ ಒಂದು ವಾರವಾಗಿರಲಿಲ್ಲ. ಹಾಸ್ಟೆಲಿನ ರೂಮು ಹೇಗಿದೆ, ಹೊದೆಯಲು ಏನಾದರೂ ಕೊಟ್ಟಿದ್ದಾರಾ ಎಂದು ನಾನು ಫೋನಿನಲ್ಲಿ ಕೇಳುತ್ತಿದ್ದರೆ ಅವಳ ಚಿಂತೆಯೇ ಬೇರೆ.

"ಅಮ್ಮ, ಇಲ್ಲಿ ಎವ್ರಿ ರೆಸ್ಟೋರೆಂಟ್ ಟ್ರೆಡಿಷನಲ್ ಅಂತ ಬೋರ್ಡ್ ಹಾಕಿದೆ. ಯಾವ್ದು ಹೋಂಟೋ, ಯಾವ್ದು ಫೇಕ್, ಹೌ ಡು ಯು ಟೆಲ್? ಅಪ್ಪ ಹೇಗೆ ಹುಡುಕ್ತಿದ್ರು?"

ಹೋಂಟೋ ಎಂದರೆ ಜಪಾನಿಯಲ್ಲಿ ನಿಜ. ಟೋಕಿಯೋದಲ್ಲೇ ಬೆಳೆದ ಹುಡುಗಿ ಅವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ಮೂರು ಭಾಷೆಯ ಕಲಸುಮೇಲೋಗರ. ಅಪ್ಪ ಎಂಬ ಮಾತನ್ನು ಮಾತ್ರ ನಮ್ಮೂರಿನವರ ಹಾಗೆ ಅಚ್ಚುಕಟ್ಟಾಗಿ ಹೇಳುತ್ತಾಳೆ.

ನನ್ನ ಗಂಡನಿಗೆ ಹಳೇ ಹೋಟೆಲು ಹುಡುಕುವ ಹುಚ್ಚು. ಕೆಲಸ ಕಾರುಗಳಿಗೆ ಸಾಫ್ಟ್‌ವೇರ್ ಬರೆಯುವುದು. ಆದರೆ ಯಾವ ಊರಿಗೆ ಹೋದರೂ ಮೊದಲು ನೋಡುತ್ತಿದ್ದದ್ದು ದೇವಸ್ಥಾನವಲ್ಲ, ಕೋಟೆಯಲ್ಲ. ಊಟ ಎಲ್ಲಿ ಚೆನ್ನಾಗಿದೆ ಎಂಬುದನ್ನು. ಫೋನಿನ ನಕ್ಷೆ, ಅದರಲ್ಲಿ ಜನ ಕೊಟ್ಟ ನಕ್ಷತ್ರಗಳ ಲೆಕ್ಕ ಯಾವುದನ್ನೂ ನಂಬುತ್ತಿರಲಿಲ್ಲ. ಬಾಗಿಲಲ್ಲಿ ಒಬ್ಬ ನಿಂತುಕೊಂಡು ಬನ್ನಿ ಬನ್ನಿ ಎಂದು ಕರೆಯುತ್ತಿದ್ದರೆ ಆ ಕಡೆ ತಲೆಯನ್ನೂ ಹಾಕುತ್ತಿರಲಿಲ್ಲ. ಊಟದ ಬಣ್ಣಬಣ್ಣದ ಫೋಟೋ ಅಂಟಿಸಿದ್ದರೂ ಅಷ್ಟೇ. ಹೋಟೆಲಿನ ಮುಂದೆ ನಿಲ್ಲದೆ ಹಿಂದಿನ ಗಲ್ಲಿಗೆ ಹೋಗಿ, ಅಡುಗೆಮನೆಯ ಹೊಗೆ ಬರುವಲ್ಲಿ ಕಳ್ಳನ ಹಾಗೆ ಮೂಗರಳಿಸಿ ನಿಲ್ಲುತ್ತಿದ್ದರು. ಹನ್ನೆರಡು ಹೊಡೆಯುವ ಮೊದಲೇ ಆ ಬೀದಿಯ ಮುದುಕರು ಒಳಗೆ ಬಂದು ಕೂತಿದ್ದರೆ ಮುಖ ಅರಳುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಬಾಗಿಲಿಗೆ ನೇತುಹಾಕಿದ ಬಟ್ಟೆಯ ಪರದೆಯದ್ದು. ನೋರೆನ್ ಎನ್ನುತ್ತಾರೆ ಇಲ್ಲಿ. ಅದರ ಕೆಳ ಅಂಚು ಉಂಡು ಹೋಗುವವರು ಕೈ ಒರೆಸಿ ಒರೆಸಿ ಕೊಳೆಯಾಗಿರಬೇಕು. ಹೊಸ ಪರದೆ ಕಂಡರೆ ಮುಂದಕ್ಕೆ ನಡಿ ಎನ್ನುತ್ತಿದ್ದರು.

"ಗಲೀಜು ಬಟ್ಟೆ ನೋಡ್ಕೊಂಡು ಊಟಕ್ಕೆ ಹೋಗೋ ಗಂಡಸು ಲೋಕದಲ್ಲಿ ನೀವೊಬ್ರೇ ಕಣ್ರೀ," ಎಂದು ನಾನು ರೇಗುತ್ತಿದ್ದೆ.

ಒಳಗೆ ಹೋದ ಮೇಲೆ ಇನ್ನೊಂದು ಚಾಳಿ. ತಮ್ಮ ತಟ್ಟೆ ತುಂಬ ಇದ್ದರೂ ಕೈ ಬರುತ್ತಿದ್ದದ್ದು ನನ್ನ ತಟ್ಟೆಗೆ. ಅದೂ ಎಂಥದ್ದಕ್ಕೆ? ಕೊನೆಗೆ ತಿನ್ನೋಣ ಎಂದು ನಾನು ಆಸೆಯಿಂದ ಪಕ್ಕಕ್ಕೆ ಸರಿಸಿಟ್ಟ ಗರಿಗರಿ ತುಂಡಿಗೆ. ಮನೆಯಲ್ಲಿ ವಡೆ ಮಾಡಿದ ದಿನವಂತೂ ಹೇಳುವುದೇ ಬೇಡ. "ರೀ, ಅದು ನಾನು ಕಡೇಗೆ ಅಂತ ಇಟ್ಕೊಂಡಿದ್ದು!" ಎಂದು ನಾನು ಕೂಗುವ ಹೊತ್ತಿಗೆ ಅದು ಅವರ ಬಾಯಲ್ಲಿರುತ್ತಿತ್ತು. ಮದುವೆಯಾದ ಲಾಗಾಯ್ತು ಇದೇ ಜಗಳ.

ಇದನ್ನೆಲ್ಲ ಮಗಳಿಗೆ ಹೇಳಿದೆ. ಫ್ರಾನ್ಸಿನಲ್ಲಿ ಪರದೆ ಇರುವುದಿಲ್ಲವಲ್ಲ, ಬಾಗಿಲಿನ ಹಿಡಿ ನೋಡು, ಸವೆದಿದ್ದರೆ ಒಳಗೆ ಹೋಗು ಎಂದೆ. ಅವಳು ನಕ್ಕಳು. ಆಮೇಲೆ ಹವಾಮಾನ ವಿಚಾರಿಸುವ ಧಾಟಿಯಲ್ಲಿ ಕೇಳಿದಳು: "ಅಮ್ಮ, ದಿಸ್ ಇಯರ್ ಕ್ರೋ ಬರುತ್ತಾ? ಆಂಡ್ ನೀನು ಸರಿಯಾಗಿ ಊಟ ಮಾಡ್ತಿದೀಯಾ?"

ಮಾಡುತ್ತಿದ್ದೇನೆ ಎಂದು ಸುಳ್ಳು ಹೇಳಿ ಫೋನ್ ಇಟ್ಟೆ.

ಕಾಗೆಯ ವಿಷಯ ಹೇಳಬೇಕು. ಮಹಾಲಯ ಅಮಾವಾಸ್ಯೆಯ ದಿನ ನಮ್ಮ ಕಡೆ ಹಿರಿಯರ ಹಬ್ಬ. ಸತ್ತವರಿಗೆ ಇಷ್ಟವಾಗಿದ್ದದ್ದನ್ನೆಲ್ಲ ಅಡುಗೆ ಮಾಡಿ ಎಲೆಗೆ ಬಡಿಸಿ ಎಡೆ ಇಡುತ್ತೇವೆ. ಮಾಂಸದ ಸಾರು, ಮುದ್ದೆ, ವಡೆ, ಕಜ್ಜಾಯ, ಸೇದುವವರಾಗಿದ್ದರೆ ಬೀಡಿಯೂ ಸರಿ. ಆಮೇಲೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲಬೇಕು; ಅವರು ಬಂದು ಉಣ್ಣುವುದನ್ನು ನಾವು ನೋಡಬಾರದು. ಹೊರಗೆ ಕಾಗೆಗೊಂದು ಪಾಲು. ಕಾಗೆ ಮುಟ್ಟಿದರೆ ಸತ್ತವರಿಗೆ ತೃಪ್ತಿ, ಆಮೇಲೆ ಮನೆಯವರ ಊಟ. ಮುಟ್ಟದೆ ಹೋದರೆ ಅವರಿಗೆ ಏನೋ ಆಸೆ ಉಳಿದಿದೆ ಎಂದರ್ಥ.

ಇವರು ಹೋದ ಮೇಲೆ ನಾನಿಟ್ಟ ಎಡೆಯನ್ನು ಒಂದು ವರ್ಷವೂ ಕಾಗೆ ಮುಟ್ಟಿಲ್ಲ.

ಟೋಕಿಯೋದಲ್ಲಿ ಕಾಗೆಗೇನು ಬರವೇ? ಕೋಟೋ ಎಂಬ ಬಡಾವಣೆಯಲ್ಲಿ, ಕಾಲುವೆಯ ಪಕ್ಕದ ಹಳೆಯ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ನಮ್ಮ ಮನೆ. ಕಸದ ದಿನ ಬಂತೆಂದರೆ ಕೋಳಿಯಷ್ಟು ದಪ್ಪದ ಕಾಗೆಗಳು ಇಳಿದು ಬಲೆಯ ಕೆಳಗಿನ ಚೀಲಗಳನ್ನು ಸೀಳಿ ಬೀದಿಯೆಲ್ಲ ಹರಡುತ್ತವೆ. ಕಾಗೆಗೆ ತಿನ್ನಲು ಹಾಕಬೇಡಿ ಎಂದು ಲಿಫ್ಟಿನಲ್ಲಿ ಚಿತ್ರ ಸಮೇತ ನೋಟಿಸು ಅಂಟಿಸಿದ್ದಾರೆ. ಅಂಥ ಊರಿನಲ್ಲಿ ಅಕ್ಕಪಕ್ಕದವರ ಕಣ್ಣು ತಪ್ಪಿಸಿ ಬಾಲ್ಕನಿಯಲ್ಲಿ ಎಲೆ ಹಾಕಿ ಕಾಗೆಯನ್ನು ಕರೆಯುವ ಹೆಂಗಸು ನಾನು. ಅವು ಕಂಬಿಯ ಮೇಲೆ ಬಂದು ಕೂರುತ್ತವೆ. ಮಟನ್ ಸಾರನ್ನು ನೋಡುತ್ತವೆ, ನನ್ನನ್ನು ನೋಡುತ್ತವೆ, ಹೊರಟು ಹೋಗುತ್ತವೆ. ಕೊಳೆತ ಕಸ ಆಗುತ್ತದೆ, ನನ್ನ ಕೈ ಅಡುಗೆ ಆಗುವುದಿಲ್ಲ.

ಮೊದಲ ವರ್ಷ ಮುದ್ದೆ ಅವಕ್ಕೆ ಹೊಸದು ಎಂದುಕೊಂಡೆ. ಮರುವರ್ಷ ಇವರಿಗೆ ಪ್ರಾಣವಾಗಿದ್ದ ಕೊಂಬಿನಿಯ, ಅಂದರೆ ಹಗಲೂ ರಾತ್ರಿ ತೆರೆದಿರುವ ಬೀದಿ ಅಂಗಡಿಯ, ಕರಿದ ಕೋಳಿ ತಂದಿಟ್ಟೆ, ಬಿಯರ್ ಇಟ್ಟೆ. ಸಂಜೆಯವರೆಗೆ ಹಸಿದುಕೊಂಡು ಕಾದು, ಎಲ್ಲವನ್ನೂ ಚೀಲಕ್ಕೆ ಸುರಿದು ಗಂಟು ಹಾಕಿದೆ. ಮೈಸೂರಿನಲ್ಲಿರುವ ನಮ್ಮತ್ತೆಗೆ ಫೋನಿನಲ್ಲಿ ಹೇಳಿದೆ.

"ಏನೋ ಕೇಳ್ತಾವ್ನೆ ಕಣವ್ವ," ಎಂದರು. "ನಂಗಂತೂ ತೋಚ್ತಿಲ್ಲ. ನೀನೇ ಯೋಚ್ನೆ ಮಾಡು."

ಏನೋ ಕೇಳುತ್ತಿದ್ದಾನೆ. ಈ ಮಾತು ನನ್ನ ಮನೆಯಲ್ಲಿ ಕೂತುಬಿಟ್ಟಿತು. ನಾನು ದೆವ್ವ ಭೂತ ನಂಬುವವಳಲ್ಲ. ಆದರೆ ಶುಕ್ರವಾರ ಸಂಜೆ, ಇವರು ವಾರದ ಕೆಲಸ ಮುಗಿಸಿ ನಗೋಯಾದಿಂದ ಹಿಂದಿರುಗುತ್ತಿದ್ದ ಹೊತ್ತಿಗೆ ಲಿಫ್ಟು ನಮ್ಮ ಮಹಡಿಯಲ್ಲಿ ನಿಂತು ಬಾಗಿಲು ತೆರೆದುಕೊಂಡ ಸದ್ದಾಗುತ್ತದೆ, ಹೆಜ್ಜೆಯ ಸದ್ದು ಮಾತ್ರ ಬರುವುದಿಲ್ಲ. ಬಚ್ಚಲಿನ ಗೋಡೆಯ ಯಂತ್ರದಿಂದ ಹೆಣ್ಣುದನಿಯೊಂದು ಸ್ನಾನದ ನೀರು ಸಿದ್ಧವಾಗಿದೆ ಎಂದು ಜಪಾನಿಯಲ್ಲಿ ಹೇಳುತ್ತದೆ. ಗುಂಡಿ ಒತ್ತಿದವಳು ನಾನೇ ಇರಬೇಕು, ಬೇರೆ ಯಾರಿದ್ದಾರೆ? ಯಾವಾಗ ಒತ್ತಿದೆ ಎಂಬುದು ಮಾತ್ರ ನೆನಪಿಗೆ ಬರುವುದಿಲ್ಲ. ಆ ನೀರು ಆರುವವರೆಗೆ ಅಡುಗೆಮನೆಯಲ್ಲಿ ನಿಂತುಕೊಂಡು ಬ್ರೆಡ್ಡೋ ಬಿಸ್ಕತ್ತೋ ತಿಂದು ಮಲಗುತ್ತಿದ್ದೆ. ಕೂತು ಉಂಡು ಎಷ್ಟು ಕಾಲವಾಗಿತ್ತೋ.

ಇವರು ತೀರಿಕೊಂಡದ್ದು ನಗೋಯಾದಲ್ಲಿ. ಪ್ರತಿ ವಾರ ಮಂಗಳವಾರ ಹೋಗಿ ಶುಕ್ರವಾರ ಬರುತ್ತಿದ್ದರು. ಒಂದು ಗುರುವಾರ ಬೆಳಿಗ್ಗೆ ಲಾಡ್ಜಿನ ಕೋಣೆಯಲ್ಲಿ ಎದ್ದೇಳಲಿಲ್ಲ. ಹೃದಯ ನಿಂತಿತ್ತು. ನಾನು ಮಗಳನ್ನು ಕರೆದುಕೊಂಡು ರೈಲಿನಲ್ಲಿ ಓಡಿಹೋಗಿ ಆ ಊರಿನಲ್ಲಿ ಕಂಡದ್ದು ಒಂದು ಆಸ್ಪತ್ರೆಯ ಕಾರಿಡಾರು, ಒಂದು ಸುಡುಗಾಡಿನ ಕಟ್ಟಡ. ಇಲ್ಲಿನ ಪದ್ಧತಿಯಂತೆ ಸುಟ್ಟ ಮೇಲೆ ಮೂಳೆಗಳನ್ನು ಹತ್ತಿರದವರು ಚಾಪ್‌ಸ್ಟಿಕ್ಕಿನಿಂದ ಎತ್ತಿ ಕುಡಿಕೆಗೆ ಹಾಕಬೇಕು. ನಾನು ಎತ್ತಿದೆ. ಆಮೇಲೆ ಇವತ್ತಿನವರೆಗೆ ಆ ಕಡ್ಡಿಗಳನ್ನು ಕೈಯಲ್ಲಿ ಹಿಡಿಯಲಾಗಿಲ್ಲ.

ಮಗಳ ಫೋನು ಬಂದ ದಿನ ಒಂದು ಹಳೆಯ ಮಾತು ನೆನಪಾಯಿತು. ಬುಧವಾರ ಬುಧವಾರ ಇವರು ನಗೋಯಾದಲ್ಲಿ ಒಂದೇ ಹೋಟೆಲಿಗೆ ಹೋಗುತ್ತಿದ್ದರು. ಪರದೆಯ ಮೇಲಿನ ಅಕ್ಷರ ಅವರಿಗೆ ಓದಲು ಬರುತ್ತಿರಲಿಲ್ಲ, ಹಾಗಾಗಿ ಅದಕ್ಕೆ ಅಜ್ಜಿ ಮನೆ ಎಂದೇ ಹೆಸರು. ಮಣ್ಣಿನ ಮಡಕೆಯಲ್ಲಿ ಕೆಂಪು ಮಿಸೋ, ಅಂದರೆ ಹುಳಿಸಿದ ಸೋಯಾಕಾಳಿನ ಹಿಟ್ಟು, ಕದಡಿದ ಸಾರು, ಅದರಲ್ಲಿ ಬೆಂದ ದಪ್ಪ ಶಾವಿಗೆ. ಊಟ ಮುಗಿಸಿ ಫೋನ್ ಮಾಡುತ್ತಿದ್ದರು.

"ಥೇಟ್ ನಮ್ಮಮ್ಮನ ಹುರುಳಿಕಟ್ಟಿನ ಸಾರು ಕಣೇ. ಮಡಕೆ ಮುಚ್ಚಳಕ್ಕೆ ತೂತೇ ಇಲ್ಲ, ಅದನ್ನೇ ತಟ್ಟೆ ಮಾಡ್ಕೊಂಡು ತಿನ್ನೋದು. ಈ ಅಜ್ಜಿ ಎಷ್ಟು ಒಳ್ಳೇದು ಗೊತ್ತಾ? ನಿಂಗೂ ಒಂದು ತಟ್ಟೆ ಇಡ್ತಾಳೆ. ಒಂದ್ಸಲ ಕರ್ಕೊಂಡ್ ಬರ್ತೀನಿ ಇರು."

"ನಂಗ್ಯಾಕೆ ತಟ್ಟೆ, ನಾನಿಲ್ಲಿ ಇದೀನಲ್ಲ? ನಿಮ್ಗೆ ಬೇರೆ ಯಾರಾದ್ರೂ ಜೊತೆ ಇದಾರಾ ಹೇಳಿ," ಎಂದು ನಾನು ಕೀಟಲೆ ಮಾಡುತ್ತಿದ್ದೆ. ಅವರು ನಗುತ್ತಿದ್ದರು. ಕರೆದುಕೊಂಡು ಹೋಗುವುದು ಆಗಲೇ ಇಲ್ಲ.

ಅವರಿಗೆ ಬೇಕಾಗಿದ್ದದ್ದು ಅದೇ ಇರಬೇಕು ಎನ್ನಿಸಿತು. ಮಿಸೋ ಹಾಕಿದ ಸಾರನ್ನು ಟೋಕಿಯೋದಲ್ಲಿ ಯಾವ ಅಂಗಡಿಯಲ್ಲಾದರೂ ಕೊಳ್ಳಬಹುದು; ಆದರೆ ಸತ್ತವರನ್ನು ಅಂದಾಜಿನ ಮೇಲೆ ಉಣಿಸಲಾಗುವುದಿಲ್ಲ. ಅಮಾವಾಸ್ಯೆ ಹತ್ತಿರದಲ್ಲಿತ್ತು. ಆ ಹೋಟೆಲು ಹುಡುಕಿ, ಅವರು ಉಂಡದ್ದು ಏನೆಂದು ಕೇಳಿ ತಿಳಿದು, ಅದನ್ನು ತಂದು ಎಡೆಗಿಡಬೇಕು ಎಂದು ನಿರ್ಧರಿಸಿ ರೈಲು ಹತ್ತಿದೆ.

ನಗೋಯಾದಲ್ಲಿ ಬಿಸಿಲಿನ ಝಳ ಇನ್ನೂ ಇಳಿದಿರಲಿಲ್ಲ. ಜಪಾನಿನವರೂ ಈ ವಾರದಲ್ಲೇ ತಮ್ಮ ಹಿರಿಯರ ಸಮಾಧಿಗೆ ಹೋಗುತ್ತಾರೆ. ಕಾಲುವೆಯ ದಂಡೆಯಲ್ಲಿ ಎಲೆಯಿಲ್ಲದ ಕಡ್ಡಿಗಳ ತುದಿಗೆ ಕೆಂಪು ಹೂವುಗಳು ಬಿಟ್ಟಿದ್ದವು. ಸಮಾಧಿಗಳ ಹತ್ತಿರ ಬೆಳೆಯುವ ಹೂವೆಂದು ಅದನ್ನು ಇಲ್ಲಿ ಯಾರೂ ಮನೆಗೆ ಒಯ್ಯುವುದಿಲ್ಲ. ಆಸ್ಪತ್ರೆಯಿದ್ದ ಕಡೆಗೆ ಹೋಗುವ ಸಬ್‌ವೇಯ ಹೆಸರು ಗೋಡೆಯಲ್ಲಿ ಕಂಡಿತು. ಆ ಕಡೆ ನೋಡದೆ ಮೆಟ್ಟಿಲು ಹತ್ತಿದೆ.

ಮೊದಲು ಮಾಡಿದ್ದು ಅವರು ಎಂದೂ ಮಾಡದ ಕೆಲಸ. ಫೋನು ತೆಗೆದು ಹುಡುಕಿದೆ. ಮಿಸೋ ಶಾವಿಗೆಯ ಹೋಟೆಲುಗಳು ನಕ್ಷೆಯ ತುಂಬ ದಡಾರ ಎದ್ದ ಹಾಗೆ ಎದ್ದವು. ಅದರಲ್ಲಿ ಮೊದಲನೆಯದರ ಮುಂದೆ ಉದ್ದನೆಯ ಸಾಲು, ಬಾಗಿಲಲ್ಲಿ ಕರೆಯುವ ಹುಡುಗಿ, ಗೋಡೆಯಲ್ಲಿ ಫೋಟೋಗಳು. ಆದರೂ ಹೋಗಿ ಕೂತೆ. ಎಲ್ಲ ಚೆನ್ನಾಗಿಯೇ ಇತ್ತು, ಅಜ್ಜಿ ಇರಲಿಲ್ಲ. ಇವರ ಫೋಟೋ ತೋರಿಸಿದರೆ ಆ ಹುಡುಗಿ ಸುಮಿಮಾಸೆನ್, ಅಂದರೆ ಕ್ಷಮಿಸಿ, ಎಂದು ತಲೆ ಬಾಗಿಸಿ ಮುಂದಿನವರನ್ನು ಕರೆದಳು. ಇನ್ನೊಂದು ಕಡೆ ಮಡಕೆ ಬಂತು, ಮುಚ್ಚಳಕ್ಕೆ ತೂತಿತ್ತು. ಮುಟ್ಟದೆ ಎದ್ದು ಬಂದೆ.

ಆಮೇಲೆ ಫೋನನ್ನು ಚೀಲಕ್ಕೆ ಹಾಕಿದೆ. ಅವರು ಇಳಿದುಕೊಳ್ಳುತ್ತಿದ್ದ ಲಾಡ್ಜಿನ ಎದುರು ಹೋಗಿ ನಿಂತು, ಕೆಲಸ ಮುಗಿಸಿ ಹಸಿದು ಬಂದ ಈ ಮನುಷ್ಯ ಇಲ್ಲಿಂದ ಯಾವ ಕಡೆ ಹೋದಾನು ಎಂದು ಯೋಚಿಸಿದೆ. ಎಡಕ್ಕೆ ದೊಡ್ಡ ರಸ್ತೆ, ದೀಪದ ಬೋರ್ಡುಗಳು. ಬಲಕ್ಕೆ ಕಾಲುವೆ, ಅದರಾಚೆ ಮರದ ಹಳೆಯ ಮನೆಗಳು. ಬಲಕ್ಕೆ ತಿರುಗಿದೆ. ತಿರುಗಿದ ಮೇಲೆ ನಾನೊಬ್ಬಳೇ ನಡೆಯುತ್ತಿದ್ದೇನೆ ಎನ್ನಿಸಲಿಲ್ಲ. ಊರೂರು ಸುತ್ತುವಾಗ ಇವರು ಯಾವಾಗಲೂ ನನಗಿಂತ ಮುಂದೆ, ಕೈ ಹಿಂದೆ ಕಟ್ಟಿಕೊಂಡು, ಕತ್ತು ಸ್ವಲ್ಪ ಓರೆ ಮಾಡಿ ನಡೆಯುತ್ತಿದ್ದರು. ಆ ಗಲ್ಲಿಯಲ್ಲಿ ತಿರುವು ಬಂದಾಗಲೆಲ್ಲ ಅಂಥದ್ದೊಂದು ಬೆನ್ನು ಆಗತಾನೇ ಮೂಲೆ ದಾಟಿ ಹೋದ ಹಾಗೆ ಅನ್ನಿಸುತ್ತಿತ್ತು. ಬೇಗ ಬೇಗ ನಡೆದೆ. ನಿಲ್ಲಿ ರೀ ಎಂದು ಒಂದು ಸಲ ಬಾಯಿಬಿಟ್ಟೇ ಹೇಳಿದೆನೋ ಏನೋ, ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬ ತಿರುಗಿ ನೋಡಿದ.

ಆಗ ವಾಸನೆ ಬಂತು. ಹುರುಳಿಕಟ್ಟನ್ನು ಮಣ್ಣಿನ ಮಡಕೆಯಲ್ಲಿ ಕುದಿಸಿ ಕುದಿಸಿ ಇಂಗಿಸಿದರೆ ಬರುವ, ಸ್ವಲ್ಪ ಕಹಿ, ಸ್ವಲ್ಪ ಹೊಗೆಯ ವಾಸನೆ. ಗೋಡೆಯ ಒಂದು ಕಿಂಡಿಯಿಂದ ಬರುತ್ತಿತ್ತು. ಸುತ್ತಿ ಮುಂದಕ್ಕೆ ಬಂದರೆ ಒಂದು ಸಣ್ಣ ಬಾಗಿಲು, ನೇರಳೆ ಬಣ್ಣ ಮಾಸಿದ ಪರದೆ. ಅದರ ಕೆಳ ಅಂಚು ಕರ್ರಗೆ ಜಿಡ್ಡುಗಟ್ಟಿತ್ತು. ಆ ಕೊಳೆಯನ್ನು ನಾನು ಬೆರಳುಗಳಿಂದ ಮುಟ್ಟಿದೆ. ಅದರಲ್ಲಿ ಅವರ ಕೈಯದ್ದೂ ಇತ್ತಲ್ಲ.

ಒಳಗೆ ಒಂದೇ ಉದ್ದ ಹಲಗೆಯ ಮೇಜು, ಅದರ ಆಚೆ ಒಲೆ. ಮೂಲೆಯಲ್ಲಿ ಇಬ್ಬರು ಮುದುಕರು ತಲೆ ತಗ್ಗಿಸಿ ತಿನ್ನುತ್ತಿದ್ದರು. ಒಲೆಯ ಮುಂದಿದ್ದ ಅಜ್ಜಿ ಕುಳ್ಳಗೆ, ಬೆನ್ನು ಬಾಗಿ, ತಲೆಗೆ ಬಿಳಿ ಬಟ್ಟೆ ಕಟ್ಟಿದ್ದಳು. ನಾನು ಕೂತೆ. ನನ್ನ ಮುಂದೆ ಮಡಕೆ ಬಂತು, ಸಾರು ಇನ್ನೂ ಕೊತಕೊತ ಎನ್ನುತ್ತಿತ್ತು. ಮುಚ್ಚಳ ಎತ್ತಿ ತಿರುಗಿಸಿ ನೋಡಿದೆ. ತೂತಿರಲಿಲ್ಲ.

ಫೋಟೋ ತೆಗೆದು ತೋರಿಸಿದೆ. ಇಷ್ಟು ವರ್ಷದಲ್ಲಿ ನನ್ನ ಜಪಾನಿ ಪರವಾಗಿಲ್ಲ ಎನ್ನುವಷ್ಟಾಗಿದೆ. "ಇವರು ಇಲ್ಲಿಗೆ ಬರುತ್ತಿದ್ದರೇ?" ಎಂದು ಕೇಳಿದೆ.

ಅಜ್ಜಿಯ ಮುಖ ಅರಳಿತು. "ಓ, ಇಂದೋ-ಸಾನ್!" ಎಂದಳು. ಇಂಡಿಯಾದವರು ಎಂದು. "ಬುಧವಾರದವರು. ಎಷ್ಟೋ ಕಾಲವಾಯಿತು, ಕಾಣಿಸಲೇ ಇಲ್ಲ. ತಮ್ಮ ದೇಶಕ್ಕೆ ಹೋದರೇ?"

"ತೀರಿಕೊಂಡರು," ಎಂದೆ.

ಅವಳು ಸೌಟು ಕೆಳಗಿಟ್ಟು ಕೈ ಮುಗಿದು ಕಣ್ಣು ಮುಚ್ಚಿದಳು. ಕಣ್ಣು ತೆರೆದಾಗ ಅದರಲ್ಲಿ ನೀರಿತ್ತು, ಆದರೆ ಒಂದು ಬಗೆಯ ಸಮಾಧಾನವೂ ಇತ್ತು.

"ಹಾಗಾದರೆ ಈಗ ಹೆಂಡತಿಯ ಹತ್ತಿರ ಇದ್ದಾರೆ. ಒಳ್ಳೆಯದಾಯಿತು. ಅವರನ್ನು ಕಳೆದುಕೊಂಡು ಬಹಳ ಒಂಟಿಯಾಗಿದ್ದರು ಪಾಪ."

ಯಾವ ಹೆಂಡತಿ? ನಾಚಿಕೆಗೇಡು, ಆದರೆ ನಿಜ ಹೇಳುತ್ತೇನೆ, ಆ ಕ್ಷಣದಲ್ಲಿ ದುಃಖವೆಲ್ಲ ಎಲ್ಲಿಗೋ ಹೋಗಿ ಕಿಚ್ಚೆದ್ದಿತು.

"ನಾನೇ ಅವರ ಹೆಂಡತಿ," ಎಂದೆ. "ಬೇರೆ ಯಾರೂ ಇಲ್ಲ."

ಅಜ್ಜಿ ಒಂದು ಹೆಜ್ಜೆ ಹಿಂದೆ ಸರಿದಳು. ಬೆನ್ನು ಒಲೆಯ ಪಕ್ಕದ ಗೋಡೆಗೆ ತಾಗಿತು. ಆಮೇಲೆ ನಿಧಾನವಾಗಿ ಮೇಜಿನ ಮೇಲಿಂದ ಬಾಗಿ ನನ್ನ ಕಾಲುಗಳನ್ನು ನೋಡಿದಳು.

ಅವಳು ನೋಡಿದ್ದೇನೆಂದು ನನಗೆ ತಕ್ಷಣ ಗೊತ್ತಾಯಿತು. ನಮ್ಮೂರಿನಲ್ಲಿ ದೆವ್ವಕ್ಕೆ ಪಾದ ಹಿಂದುಮುಂದು ಎನ್ನುತ್ತಾರೆ. ಜಪಾನಿನ ದೆವ್ವಗಳಿಗೆ ಕಾಲೇ ಇರುವುದಿಲ್ಲ. ನಾನು ಹುಡುಗಿಯಾಗಿದ್ದಾಗ ಕತ್ತಲಲ್ಲಿ ಹೊಸಬರು ಎದುರಾದರೆ ಮೊದಲು ಅವರ ಕಾಲು ನೋಡುತ್ತಿದ್ದೆ. ಈಗ ಹಾಡಹಗಲಲ್ಲಿ ಒಬ್ಬಳು ನನ್ನ ಕಾಲು ನೋಡುತ್ತಿದ್ದಳು. ಚಪ್ಪಲಿ ಹಾಕಿದ ಪಾದಗಳನ್ನು ಸ್ವಲ್ಪ ಮುಂದಕ್ಕೆ ಚಾಚಿ ತೋರಿಸಿದೆ. ಬೇರೇನು ಮಾಡಬೇಕೋ ತಿಳಿಯಲಿಲ್ಲ.

ಅವಳು ನೆಲಕ್ಕೆ ತಲೆ ತಾಗುವಷ್ಟು ಬಾಗಿ ಸುಮಿಮಾಸೆನ್, ಸುಮಿಮಾಸೆನ್ ಎಂದು ಮತ್ತೆ ಮತ್ತೆ ಹೇಳಿದಳು. ಆಮೇಲೆ ನನ್ನ ಎದುರಿಗೆ ಸ್ಟೂಲು ಎಳೆದುಕೊಂಡು ಕೂತು ಎಲ್ಲವನ್ನೂ ಹೇಳಿದಳು.

ಮೊದಲ ಸಲ ಬಂದಾಗ ಇವರು ತಿನ್ನುವ ಮೊದಲು ಮುಚ್ಚಳದ ಮೇಲೆ ಸ್ವಲ್ಪ ಶಾವಿಗೆ, ಮೊಟ್ಟೆಯಲ್ಲಿ ಅರ್ಧ, ಮೇಲಿನ ಕರಿದ ತುಂಡು ಎಲ್ಲವನ್ನೂ ಎತ್ತಿಟ್ಟು ಪಕ್ಕದ ಖಾಲಿ ಕುರ್ಚಿಯ ಮುಂದೆ ಸರಿಸಿದರಂತೆ. ಆ ಕುರ್ಚಿಗೆ ಏನೋ ಹೇಳಿ, ಆಮೇಲೆ ತಮ್ಮದನ್ನು ಉಂಡರಂತೆ. ಕೊನೆಗೆ ಆ ಪಾಲನ್ನೂ ತಾವೇ ತಿಂದರಂತೆ. ಬೆರಳಲ್ಲಿ ಉಂಗುರ ಇತ್ತು. ಯಾರಿಗೆಂದು ಅಜ್ಜಿ ಕೇಳಲಿಲ್ಲ. ಅದು ಕೇಳುವ ವಿಷಯವಲ್ಲ ಇಲ್ಲಿ. ಸತ್ತವರಿಗೆ ಹೀಗೆ ಊಟ ಇಡುವುದು ಅವರಲ್ಲೂ ಉಂಟು. ಕಗೆಝೆನ್ ಎನ್ನುತ್ತಾರಂತೆ, ಕಣ್ಣಿಗೆ ಕಾಣದವರ ತಟ್ಟೆ. ಮುಂದಿನ ಬುಧವಾರದಿಂದ ಅಜ್ಜಿಯೇ ಒಂದು ಪುಟ್ಟ ತಟ್ಟೆ ಸಿದ್ಧ ಮಾಡಿ, ಒಂದು ಹಿಡಿ ಅನ್ನ, ಒಂದು ಹೂವು ಇಟ್ಟು, ಸತ್ತುಹೋದ ಆ ಹೆಂಡತಿಗೆಂದು ಖಾಲಿ ಕುರ್ಚಿಯ ಮುಂದೆ ಇಡತೊಡಗಿದಳು. ಇವರು ಅದು ಹೋಟೆಲಿನ ಉಪಚಾರ ಎಂದುಕೊಂಡು ಹಲ್ಲು ಕಿರಿದು ಅರಿಗಾತೋ ಎಂದು ಧನ್ಯವಾದ ಹೇಳಿದ್ದಾರೆ. ನನಗೆ ಫೋನ್ ಮಾಡಿ ಅಜ್ಜಿ ಎಷ್ಟು ಒಳ್ಳೇದು ಎಂದಿದ್ದಾರೆ.

ನನಗೆ ನಗು ಬಂತು. ತಡೆಯಲಾಗದೆ ಜೋರಾಗಿ ನಕ್ಕೆ. ಮೂಲೆಯ ಮುದುಕರು ತಲೆಯನ್ನು ಬಟ್ಟಲಿಗೆ ಇನ್ನೂ ಹತ್ತಿರ ಒಯ್ದರು. ನಗು ಯಾವಾಗ ಅಳುವಾಯಿತೋ ಗೊತ್ತಾಗಲಿಲ್ಲ.

"ಅವರು ಬರುವುದು ನಿಂತ ಮೇಲೂ ನಿಮಗೆ ಇಡುತ್ತಿದ್ದೆ," ಎಂದಳು ಅಜ್ಜಿ. "ಗಂಡನಿಗೆ ಹುಷಾರಿಲ್ಲವೇನೋ, ಹೆಂಡತಿ ಹಸಿದುಕೊಂಡು ಇರಬಾರದು ಎಂದು. ಆ ಚಳಿಗಾಲವೆಲ್ಲ ಇಟ್ಟೆ."

ಆ ಚಳಿಗಾಲದಲ್ಲಿ ನಾನು ಎಲ್ಲಿದ್ದೆ? ಟೋಕಿಯೋದ ಅಡುಗೆಮನೆಯಲ್ಲಿ ದೀಪ ಹಾಕದೆ ನಿಂತು ಒಣ ಬ್ರೆಡ್ಡು ನುಂಗುತ್ತಿದ್ದೆ. ಮಗಳು ಏನಾದರೂ ಕೇಳಿದರೆ ಕೇಳಿಸುತ್ತಿರಲಿಲ್ಲ. ಅಜ್ಜಿ ತಪ್ಪು ತಿಳಿದಿದ್ದಳು ಎಂದು ಖಂಡಿತವಾಗಿ ಹೇಳಲು ನನಗೆ ಆಗಲಿಲ್ಲ.

ನಾನು ಬಂದ ಕೆಲಸ ಕೇಳಿದೆ. ಅವರು ಏನು ಉಣ್ಣುತ್ತಿದ್ದರು, ಯಾವುದು ಬಹಳ ಇಷ್ಟ, ನಾನು ಅದನ್ನು ಒಯ್ಯಬೇಕು ಎಂದೆ. ಅಜ್ಜಿ ನನ್ನ ಮುಂದಿನ ಮಡಕೆಯನ್ನೇ ತೋರಿಸಿದಳು. ಇದೇ. ಬೇರೇನಿಲ್ಲ. ಆಮೇಲೆ ಏನೋ ನೆನಪಾದವಳಂತೆ, ಆ ಕುರ್ಚಿಗೆ ಅವರು ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದರು, ಕೇಳಿ ಕೇಳಿ ನನಗೂ ಬಾಯಿಗೆ ಬಂದಿದೆ, ಅರ್ಥ ಗೊತ್ತಿಲ್ಲ, ಹೇಳಲೇ ಎಂದಳು. ಖಾಲಿ ಕುರ್ಚಿಯ ಕಡೆ ಸ್ವಲ್ಪ ತಿರುಗಿ, ಕತ್ತು ಓರೆ ಮಾಡಿ, ಮೆಲ್ಲಗೆ ಹೇಳಿದಳು:

"ನೀನ್ ಉನ್ನು ಕನೇ."

ನೀನು ಉಣ್ಣು ಕಣೇ. ಅವರದೇ ಏರಿಳಿತ, ಕೊನೆಯಲ್ಲಿ ಅವರದೇ ಎಳೆತ. ಸತ್ತ ನನ್ನ ಗಂಡ ಒಬ್ಬ ಜಪಾನಿ ಮುದುಕಿಯ ಬಾಯಿಂದ ಮೈಸೂರಿನ ಕನ್ನಡದಲ್ಲಿ ನನ್ನನ್ನು ಮಾತಾಡಿಸಿದರು. ಹೆದರಿಕೆಯೋ, ಎಷ್ಟೋ ಕಾಲದ ಮೇಲೆ ಕೇಳಿದ ಸಂತೋಷವೋ, ನಾನು ಆ ಹಲಗೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಅಜ್ಜಿ ಎದ್ದು ಒಂದು ಪುಟ್ಟ ತಟ್ಟೆ ತಂದಳು. ಅನ್ನ, ಸ್ವಲ್ಪ ಶಾವಿಗೆ, ಕರಿದ ತುಂಡು. ಈ ಸಲ ಅದನ್ನು ಇಂದೋ-ಸಾನ್‌ಗೆಂದು ಪಕ್ಕದ ಕುರ್ಚಿಯ ಮುಂದೆ ಇಟ್ಟಳು. ನನಗೆ ಚಾಪ್‌ಸ್ಟಿಕ್ ಕೊಡಲು ಬಂದಳು. ನನ್ನ ಕೈ ಮುಂದೆ ಬರಲಿಲ್ಲ. ಅವಳೂ ಯಾರದೋ ಮೂಳೆಗಳನ್ನು ಎತ್ತಿದವಳೇ ಇರಬೇಕು, ಏನೂ ಕೇಳದೆ ಅದನ್ನು ಹಿಂದಕ್ಕಿಟ್ಟು ಮರದ ಚಮಚ ತಂದಳು. ನಾನು ಉಂಡೆ. ಮಡಕೆಯ ತಳ ಕಾಣುವವರೆಗೆ ಉಂಡೆ. ಅಷ್ಟು ಹಸಿವಾಗಿತ್ತೆಂದು ಆಗಲೇ ಗೊತ್ತಾದದ್ದು.

ಹೊರಡುವಾಗ ಅಜ್ಜಿ ಕೆಂಪು ಮಿಸೋವನ್ನು ಒಂದು ಪೊಟ್ಟಣ ಕಟ್ಟಿಕೊಟ್ಟಳು. ಪರದೆ ಸರಿಸಿ ಹೊರಬಂದು, ನನಗೆ ಗೊತ್ತಿಲ್ಲದೆಯೇ ಅದರ ಅಂಚಿಗೆ ಕೈ ಒರೆಸಿದೆ.

ಅಮಾವಾಸ್ಯೆಯ ದಿನ ಬೆಳಿಗ್ಗೆಯೇ ಎದ್ದು ಅಡುಗೆ ಮಾಡಿದೆ. ಮಟನ್ ಸಾರು, ಮುದ್ದೆ, ವಡೆ, ಮಿಸೋ ಹಾಕಿದ ಶಾವಿಗೆ. ಬಾಲ್ಕನಿಯಲ್ಲಿ ಒಂದರ ಪಕ್ಕ ಒಂದು, ಎರಡು ಎಲೆ ಹಾಕಿದೆ. ಎರಡಕ್ಕೂ ಎಲ್ಲವನ್ನೂ ಬಡಿಸಿದೆ. ಬಾಗಿಲು ಮುಚ್ಚಿ ಮರೆಯಲ್ಲಿ ನಿಲ್ಲಬೇಕು, ಕಾಗೆ ಮುಟ್ಟುವ ಮೊದಲು ಬಾಯಿಗೆ ಏನೂ ಹಾಕಬಾರದು ಎಂಬುದು ಶಾಸ್ತ್ರ. ಅತ್ತೆ ನೋಡಿದ್ದರೆ ಬೈಯುತ್ತಿದ್ದರು. ನಾನು ಬಾಗಿಲು ತೆರೆದಿಟ್ಟು, ಕಾಲು ಮಡಿಸಿ ನನ್ನ ಎಲೆಯ ಮುಂದೆ ಕೂತೆ.

"ಉಣ್ಣಿ ರೀ," ಎಂದೆ. "ನಾನೂ ಉಣ್ತೀನಿ."

ಕಂಬಿಯ ಮೇಲೆ ಎಂದಿನಂತೆ ಒಂದು ಕಾಗೆ ಬಂದು ಕೂತಿತ್ತು. ನಾನು ಅದರ ಕಡೆ ನೋಡಲು ಹೋಗಲಿಲ್ಲ. ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದೆ. ಶಾವಿಗೆ ತಿಂದೆ, ಬಿಸಿಗೆ ಮೂಗು ಸೋರಿತು. ವಡೆಯನ್ನು ಎಲೆಯ ಮೂಲೆಗೆ ಸರಿಸಿಟ್ಟುಕೊಂಡು ನಿಧಾನವಾಗಿ ಉಂಡೆ. ಕಾಲುವೆಯ ಆಚೆ ಟೊಯೊಸುವಿನ ಎತ್ತರದ ಕಟ್ಟಡಗಳ ಗಾಜಿನ ಮೇಲೆ ಬಿಸಿಲು ಬಿದ್ದಿತ್ತು.

ಕಂಬಿಯಿಂದ ಧೊಪ್ಪನೆ ಇಳಿದ ಸದ್ದಾಯಿತು. ಕಾಗೆ ಕತ್ತು ಓರೆ ಮಾಡಿಕೊಂಡು ನೆಲದ ಮೇಲೆ ನಡೆದು ಬಂತು. ಅವರ ಎಲೆಯ ಮುಂದೆ ನಿಲ್ಲಲಿಲ್ಲ. ಅದನ್ನು ಬಳಸಿ ದಾಟಿ, ನನ್ನ ಮಂಡಿಯ ಹತ್ತಿರಕ್ಕೇ ಬಂದು, ನನ್ನ ಎಲೆಯ ಮೂಲೆಯಿಂದ ವಡೆಯನ್ನು ಕಚ್ಚಿಕೊಂಡಿತು.

ಯೋಚಿಸುವ ಮೊದಲೇ ನನ್ನ ಬಾಯಿಂದ ಕೂಗು ಹೊರಟಿತ್ತು.

"ರೀ, ಅದು ನಾನು ಕಡೇಗೆ ಅಂತ ಇಟ್ಕೊಂಡಿದ್ದು!"